ಹೆಗಲು ಕೊಡದವನು

ಬೆಳಿಗ್ಗೆ ಎಂಟೂವರೆಗೆ ಸೆಲ್ಲುಗಳ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ, ಡಾರ್ಸಿ ಹ್ಯಾಮಂಡ್ ತನ್ನ ಸಾಮಾನನ್ನೆಲ್ಲ ಒಂದು ದಿಂಬಿನ ಚೀಲದಲ್ಲಿ ತುಂಬಿ ತಂದು ಎರಲ್ ಕಬಿಯ ಮಂಚದ ಮೇಲಿಟ್ಟ. ಐದಾರು ಡಬ್ಬಿ ಮೀನು, ಮುಕ್ಕಾಲು ಬಾಟಲಿ ಕಾಫಿ ಪುಡಿ, ಇನ್ನೂ ಬಿಚ್ಚದ ಎರಡು ಜೊತೆ ಕಾಲುಚೀಲ, ಅಂಗೈಯಗಲದ ಒಂದು ರೇಡಿಯೋ. ಬೇಕಾದರೆ ಇಟ್ಟುಕೊಳ್ಳಿ ಅಂಕಲ್, ಬೇಡವಾದರೆ ಯಾರಿಗಾದರೂ ಹಂಚಿ, ನನಗಿನ್ನು ಬೇಕಾಗಿಲ್ಲ ಎಂದು, ಹಳೆಯ ಬಟ್ಟೆ ಕೊಟ್ಟು ಹೋಗುವವನ ಹಾಗೆ ಹೇಳಿ ಕೈ ಒರೆಸಿಕೊಂಡ. ಎರಲ್‌ನ ಕಣ್ಣು ಮೊದಲು ಹೋದದ್ದು ಕಾಫಿಯ ಮೇಲೆ. ಗುರುವಾರದಿಂದ ಅವನ ಹತ್ತಿರ ಕಾಫಿ ಇರಲಿಲ್ಲ; ಜೈಲಿನವರು ಕೊಡುವ ಕಸದಂಥ ಟೀ ಕುಡಿದು ನಾಲಗೆ ಕೆಟ್ಟುಹೋಗಿತ್ತು. ಮುಚ್ಚಳದ ಅಂಚಿಗೆ ಅಂಟಿದ ಕಂದು ಪುಡಿಯನ್ನು ನೋಡುತ್ತ, ಮಗಳನ್ನು ನೋಡಲು ಹೋಗುವ ಮುಂಚೆ ಇವತ್ತು ಒಂದು ಲೋಟ ಒಳ್ಳೆಯ ಕಾಫಿ ಕುಡಿಯಬಹುದು ಅಂದುಕೊಂಡ. ಅದಾದ ಮೇಲೆ, ಎರಡನೆಯದಾಗಿ, ಇವನು ಇದ್ದದ್ದನ್ನೆಲ್ಲ ಕೊಟ್ಟುಬಿಡುತ್ತಿದ್ದಾನೆ ಎಂಬುದು ಹೊಳೆಯಿತು. ಈ ಎರಡರ ನಡುವೆ ಎಷ್ಟು ಹೊತ್ತು ಕಳೆಯಿತೋ, ಮೂರು ಸೆಕೆಂಡೋ ನಾಲ್ಕೋ, ಆ ಅಂತರ ಇಡೀ ದಿನ ಅವನನ್ನು ಕೊರೆಯಿತು.

ಸಾಮಾನು ಹಂಚುವುದೆಂದರೆ ಏನೆಂದು ತಿಳಿಯದಷ್ಟು ಹೊಸಬನಲ್ಲ ಅವನು. ಈ ಬ್ಲಾಕಿನ ಮೂಲನಿವಾಸಿ ಕಪ್ಪುಜನವೆಲ್ಲ ಸೇರಿ ಅವನನ್ನು ತಮ್ಮ ಪ್ರತಿನಿಧಿ ಎಂದು ಆರಿಸಿ ಮೂರು ವರ್ಷವಾಗಿತ್ತು. ನದಿಯ ಕಡೆಯ ಊರುಗಳಿಂದ, ವಾಲ್ಗೆಟ್ಟಿನಿಂದಲೋ ಬ್ರೆವಾರಿನಾದಿಂದಲೋ, ಯಾರು ಹೊಸದಾಗಿ ಬಂದರೂ ಮೊದಲು ಅವನ ಮುಂದೆ ಕೂರಿಸುತ್ತಿದ್ದರು. ನೀನು ಯಾರ ಮಗ, ನಿನ್ನ ಅಜ್ಜಿ ಯಾರು ಎಂದು ಕೇಳಿ, ಎಲ್ಲೋ ಒಂದು ಕಡೆ ನೆಂಟಸ್ತಿಕೆ ಹುಡುಕಿ, ಒಂದು ಲೋಟ ಟೀ ಕೊಟ್ಟು, ಮೊದಲ ದಿನಗಳನ್ನು ದಾಟಿಸುವುದು ಅವನ ಕೆಲಸ. ಎರಡು ದಿನದ ತರಬೇತಿಯೂ ಆಗಿತ್ತು. ಸಿಡ್ನಿಯಿಂದ ಬಂದಿದ್ದ ಹೆಂಗಸೊಬ್ಬಳು ನೇರವಾಗಿ ಕೇಳಿ, ಸುತ್ತಿ ಬಳಸಿ ಕೇಳಬೇಡಿ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ, ಕೇಳದೆ ಬಿಟ್ಟರೆ ಸಾಯಬಹುದು ಎಂದಿದ್ದಳು. ಆಗ ಅವನು ತಲೆಯಾಡಿಸುತ್ತ ಮೂಲೆ ಸೆಲ್ಲಿನವನನ್ನು ನೆನೆಯುತ್ತಿದ್ದ. ಸತ್ತವರ ಹೆಸರನ್ನು ಅವನು ಮನಸ್ಸಿನಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಮೂಲೆ ಸೆಲ್ಲಿನವನು ಎಂದೇ ನೆನೆಯುವುದು. ನಲವತ್ತು ದಾಟಿದ, ಜೋರಾಗಿ ನಗುವ ಗಂಡಸು. ಬಾಗಿಲು ಹಾಕುವ ಹೊತ್ತಿಗೆ ಬಂದು, ಸ್ವಲ್ಪ ಮಾತಾಡೋದಿತ್ತಲ್ಲ ಅಂಕಲ್ ಎಂದಿದ್ದ. ಎರಲ್‌ಗೆ ಹಲ್ಲುನೋವು. ನಾಳೆ ನೋಡೋಣ ಎಂದುಬಿಟ್ಟಿದ್ದ. ಸಾವಿನ ವಿಚಾರಣೆಯಲ್ಲಿ ಯಾರೂ ಆ ಮಾತನ್ನು ಅವನಿಂದ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಲ್ಲನ್ನು ಆಮೇಲೆ ಕೀಳಿಸಿದ.

ಆದ್ದರಿಂದ ಇವತ್ತು ಕೇಳಿದ. ಬಾಗಿಲು ಮುಂದೆ ಮಾಡಿ, ಡಾರ್ಸಿಯನ್ನು ಮಂಚದ ತುದಿಯಲ್ಲಿ ಕೂರಿಸಿ, "ತಮ್ಮಾ, ಸಾಯೋ ಯೋಚನೆ ಮಾಡಿದೀಯಾ?" ಎಂದು ಕೇಳಿದ.

ಡಾರ್ಸಿ ತಲೆಯೆತ್ತಲಿಲ್ಲ. ಮೂವತ್ತೆಂಟು ವರ್ಷದ ಭಾರಿ ಆಳು, ಊರಿನಲ್ಲಿ ರಸ್ತೆ ಹದಮಾಡುವ ಯಂತ್ರ ಓಡಿಸುತ್ತಿದ್ದವನು. ಕೈಗಳು ಇನ್ನೂ ಸ್ಟಿಯರಿಂಗ್ ಹಿಡಿದಂತೆಯೇ ಮಡಿಲಲ್ಲಿದ್ದವು. ಜೈಲು ಕಂಡದ್ದು ಇದೇ ಮೊದಲು. ಭಾವನ ದವಡೆ ಮುರಿದಿದ್ದ. ಪೊಲೀಸರು ಅವನನ್ನು ಅಮ್ಮನ ಅಡುಗೆಮನೆಯಿಂದ, ಅಮ್ಮನ ಎದುರಿಗೇ, ಕೈಗೆ ಬೇಡಿ ಹಾಕಿ ಕರೆದುಕೊಂಡು ಬಂದಿದ್ದರು. ಅದಾಗಿ ಆರನೆಯ ದಿನಕ್ಕೆ ಆಕೆಯ ಎದೆಬಡಿತ ನಿಂತಿತು. ನಾನೇ ಕೊಂದೆ ಎಂದು ಡಾರ್ಸಿ ಬಂದವರಿಗೆಲ್ಲ, ಹವೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ. ಅಂತ್ಯಕ್ರಿಯೆಗೆ ಬಿಡಬೇಕೆಂದು ಎರಲ್ ತಾನೇ ಕೂತು ಅರ್ಜಿ ಬರೆದುಕೊಟ್ಟಿದ್ದ. ಗುರುವಾರ ಉತ್ತರ ಬಂತು: ಕರೆದೊಯ್ಯಲು ಸಿಬ್ಬಂದಿ ಸಾಲದು. ಅಂತ್ಯಕ್ರಿಯೆ ಇವತ್ತು, ಶನಿವಾರ, ಹನ್ನೊಂದು ಗಂಟೆಗೆ, ಕೊಲರೆನೆಬ್ರಿಯಲ್ಲಿ.

ಮಾಡಿದೀನಿ ಎಂದ ಡಾರ್ಸಿ. ಆಮೇಲೆ ಮುಖ ಎತ್ತಿ, ಬೇಡುವಂತೆ ನೋಡಿದ. "ಯಾರಿಗೂ ಹೇಳ್ಬೇಡಿ ಅಂಕಲ್. ಹೇಳಿದ್ರೆ ಆ ಗಾಜಿನ ರೂಮಿಗೆ ಹಾಕಿ ಹಗಲೂ ರಾತ್ರಿ ಕಾಯ್ತಾರೆ. ಬಟ್ಟೆ ಬಿಚ್ಚಿಸಿ ಆ ಹಸಿರು ನಿಲುವಂಗಿ ತೊಡಿಸ್ತಾರೆ. ನಮ್ಮಮ್ಮನ್ನ ಮಣ್ಣು ಮಾಡೋ ಹೊತ್ತಲ್ಲಿ ನಾನು ಹೆಂಗಸರ ಗೌನ್ ಥರದ್ದು ಹಾಕ್ಕೊಂಡು ಕೂತಿರ್ಬೇಕಾ? ಹೇಳಲ್ಲ ಅಂತ ಮಾತು ಕೊಡಿ."

ಎರಲ್ ಮಾತು ಕೊಟ್ಟ. ಯಾಕೆ ಕೊಟ್ಟನೆಂದರೆ, ಕೊಡದಿದ್ದರೆ ಇವನು ಎದ್ದು ಹೋಗುತ್ತಾನೆ, ಎದ್ದು ಹೋದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ನಾನು ನಿನ್ನ ಜೊತೆಗೇ ಕೂತಿರುತ್ತೇನೆ, ಹನ್ನೆರಡು ಗಂಟೆ ದಾಟಿಸೋಣ, ಅಷ್ಟೇ, ಹನ್ನೆರಡು ದಾಟಲಿ ಎಂದ. ಎಂದ ಮೇಲೆ ನೆನಪಾಯಿತು, ಹತ್ತೂ ಮುಕ್ಕಾಲಿಗೆ ತನ್ನ ಭೇಟಿ. ಮಗಳು ಶೌನಾ ನಸುಕಿನಲ್ಲೇ ವಾಲ್ಗೆಟ್ಟಿನಿಂದ ಹೊರಟಿರುತ್ತಾಳೆ, ನಾಲ್ಕು ಗಂಟೆಯ ದಾರಿ. ಎರಡು ವರ್ಷ ಎಂಟು ತಿಂಗಳ ಮೇಲೆ ಬರುತ್ತಿದ್ದಾಳೆ, ಜೊತೆಗೆ ಅವಳ ಐದು ತಿಂಗಳ ಮಗು. ಆ ಮಗುವನ್ನು ಅವನು ಫೋಟೋದಲ್ಲೂ ಸರಿಯಾಗಿ ನೋಡಿರಲಿಲ್ಲ. ಜೈಲಿನ ಕಚೇರಿಯವರು ಕಳಿಸಿದ ಪ್ರತಿಯಲ್ಲಿ ಮುಖದ ಜಾಗದಲ್ಲಿ ಒಂದು ಕಪ್ಪು ಮಸಿ ಮಾತ್ರ ಇತ್ತು.

ಇಬ್ಬರೂ ಡಾರ್ಸಿಯ ಸೆಲ್ಲಿಗೆ ಹೋಗಿ ಕೂತರು. ಅವನ ಜೊತೆಯ ಕೈದಿ ಅಡುಗೆಮನೆಯ ಕೆಲಸಕ್ಕೆ ಹೋಗಿದ್ದ. ಎರಲ್ ಮೀನು ಹಿಡಿಯುವ ಮಾತು ತೆಗೆದ, ಪ್ರವಾಹದ ವರ್ಷದ ಮಾತು ತೆಗೆದ. ಡಾರ್ಸಿ ಹೂಂ ಅನ್ನುತ್ತಿದ್ದ. ಗೋಡೆಯ ಮೇಲೆ ಹಿಂದಿನವರು ಯಾರೋ ಬಳಪದಲ್ಲಿ ಬರೆದ ಒಂದು ಕುದುರೆ ಇತ್ತು, ಹಿಂಗಾಲುಗಳು ಮಾತ್ರ ಪೂರ್ತಿಯಾಗಿದ್ದವು. ಎರಲ್‌ಗೆ ತನ್ನ ಮಾತು ತನಗೇ ಕೇಳುತ್ತಿತ್ತು, ಒಳಗೆ ಇನ್ನೊಬ್ಬ ಕೂತು ಗಡಿಯಾರ ನೋಡುತ್ತಿದ್ದ. ಒಂಬತ್ತೂ ಕಾಲು. ಒಂಬತ್ತೂ ನಲವತ್ತು. ಗಡ್ಡ ಹೆರೆಯಬೇಕು. ಒಗೆದ ಅಂಗಿ ಹಾಕಿಕೊಳ್ಳಬೇಕು. ಇವನು ಅಳಬಾರದೇ, ಅತ್ತರೆ ಹಗುರಾಗುತ್ತಾನೆ, ನಾನು ಹೋಗಬಹುದು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಡಾರ್ಸಿಯ ಮೇಲೆ ಸಿಟ್ಟು ಬಂತು. ಹತ್ತೂವರೆಗೆ ಕೂಗು ಬಂದಾಗ ಡಾರ್ಸಿಯೇ ಅವನ ಭುಜ ತಟ್ಟಿ, ಹೋಗಿ ಅಂಕಲ್, ಮಗಳು ಕಾಯ್ತಾಳೆ, ನಾನು ಸ್ವಲ್ಪ ಮಲಗ್ತೀನಿ, ಈಗ ಪರವಾಗಿಲ್ಲ ಎಂದ. ನಕ್ಕ ಕೂಡ. ಆ ನಗೆಯಲ್ಲಿ ಒಂದು ಹಗುರ ಇತ್ತು. ಎರಲ್ ಆ ಹಗುರವನ್ನು ತನಗೆ ಬೇಕಾದಂತೆ ಓದಿಕೊಂಡ.

ಬ್ಲಾಕಿನ ಬಾಗಿಲಲ್ಲಿ ಮಿಸ್ ಕೋವಾಕ್ ನಿಂತಿದ್ದಳು. ಐವತ್ತರ ಆಸುಪಾಸಿನ, ಮಂಡಿನೋವಿನ ಹೆಂಗಸು. ಕೈದಿಗಳನ್ನು ಹೆಸರಿನಿಂದ ಕರೆಯುವ ಅಧಿಕಾರಿಗಳು ಆ ಜೈಲಿನಲ್ಲಿ ಇಬ್ಬರೋ ಮೂವರೋ, ಅವರಲ್ಲಿ ಇವಳೊಬ್ಬಳು. ಹೊಸಬನ ಕಡೆ ನೋಡಿ ಬಂದೆಯಾ, ಇವತ್ತು ಅವನಿಗೆ ಕಷ್ಟದ ದಿನ ಅಲ್ಲವಾ ಎಂದು ಅವಳಾಗಿಯೇ ಕೇಳಿದಳು. ಕೇಳುವಾಗ ಅವಳ ಪೆನ್ನು ಹಾಳೆಯ ಮೇಲಿತ್ತು.

"ಪರವಾಗಿಲ್ಲ ಮಿಸ್. ಮಲಗಿದಾನೆ," ಎಂದ ಎರಲ್.

ಅವಳು ಅದನ್ನೇ ಬರೆದುಕೊಂಡಳು.

ಭೇಟಿಯ ಕೋಣೆಗೆ ಹೋಗುವ ಮುಂಚೆ ಬೆನ್ನಿನ ಕಡೆ ಜಿಪ್ಪಿರುವ ಬಿಳಿಯ ದೊಗಳೆ ಉಡುಪೊಂದನ್ನು ಹಾಕಿಸುತ್ತಾರೆ. ಜಿಪ್ಪಿನ ತುದಿಗೆ ಬೀಗದ ಹಾಗೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ದೊಡ್ಡ ಮಗುವಿನ ಉಡುಪಿನಂಥದು. ಒಗೆದ ಅಂಗಿ ಒಳಗೇ ಉಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಎರಲ್ ಅದನ್ನು ಮರೆತಿದ್ದ. ಎರಡು ವರ್ಷ ಎಂಟು ತಿಂಗಳಿನಿಂದ ಅದನ್ನು ಹಾಕಿಕೊಂಡಿರಲಿಲ್ಲ. ಏಳನೆಯ ಮೇಜು ಎಂದರು. ನೆಲಕ್ಕೆ ಬೋಲ್ಟು ಹಾಕಿದ ಮೊಣಕಾಲೆತ್ತರದ ಮೇಜು, ನಾಲ್ಕು ಗುಂಡು ಸ್ಟೂಲು. ಕೂತ ಮೇಲೆ ಏಳುವಂತಿಲ್ಲ. ಕೈದಿ ಎದ್ದು ನಿಂತರೆ ಅಲ್ಲಿಗೆ ಭೇಟಿ ಮುಗಿಯಿತು. ಆ ನಿಯಮವನ್ನು ಗೋಡೆಯ ಮೇಲೆ ಬರೆದಿದ್ದರು, ಪಕ್ಕದಲ್ಲಿ ಒಂದು ನಗುವ ಕಾಂಗರೂ.

ಶೌನಾ ಬಂದಳು. ತನ್ನ ತಾಯಿಯ ನಡಿಗೆ, ಎಡಗಾಲು ಸ್ವಲ್ಪ ಹೊರಕ್ಕೆ. ಮಗು ನಿದ್ದೆ ಹೋಗಿತ್ತು, ಅವಳ ಕತ್ತಿನ ಮಡಿಕೆಯಲ್ಲಿ ಮುಖ ಹುದುಗಿಸಿ. ಅವಳು ಬಾಗಿ ಅವನನ್ನು ಅಪ್ಪಿಕೊಂಡಳೋ ಇಲ್ಲವೋ, ಒಂದು ಕೈ ಮಾತ್ರ ಬೆನ್ನ ಮೇಲೆ ಬಂದು ಜಿಪ್ಪಿಗೆ ತಾಗಿ ಹಿಂದೆ ಸರಿಯಿತು. ಮುದುಕ ಆಗಿಬಿಟ್ಟಿದೀಯಲ್ಲಪ್ಪ ಎಂದಳು. ಆಮೇಲೆ ಮಾತಾಡತೊಡಗಿದಳು. ನಾಲ್ಕು ಗಂಟೆಯ ದಾರಿಯಲ್ಲಿ ಕಾರಿನೊಳಗೆ ಒಬ್ಬಳೇ ಆಡಿ ಆಡಿ ಸಿದ್ಧಮಾಡಿಕೊಂಡ ಮಾತು ಎಂದು ತಿಳಿಯುತ್ತಿತ್ತು. ಅಮ್ಮನ ಕಾಯಿಲೆಯಲ್ಲಿ ನೀನು ಇರಲಿಲ್ಲ. ನನ್ನ ಮದುವೆ ಮುರಿದಾಗ ನೀನು ಇರಲಿಲ್ಲ. ಊರಿನವರೆಲ್ಲ ಬಂದು ನಿಮ್ಮಪ್ಪ ಒಳಗೆ ಎಷ್ಟು ಜನರನ್ನ ನೋಡ್ಕೋತಾನೆ ಗೊತ್ತಾ, ನನ್ನ ತಮ್ಮನ್ನ ಉಳಿಸಿದ, ನನ್ನ ಗಂಡನ್ನ ಉಳಿಸಿದ ಅಂತ ಹೇಳಿದಾಗ ನನಗೆ ಹೇಗಾಗುತ್ತೆ ಅಂತ ಯಾವತ್ತಾದರೂ ಯೋಚನೆ ಮಾಡಿದೀಯಾ. ಇದನ್ನು ಹೇಳುವುದಕ್ಕೇ ಬಂದದ್ದು, ಇದನ್ನು ಹೇಳದೆ ಮಗುವನ್ನು ನಿನ್ನ ಕೈಗೆ ಕೊಡುವುದಕ್ಕೆ ಆಗುತ್ತಿರಲಿಲ್ಲ.

ಅವಳು ಹೇಳುತ್ತಿದ್ದುದೆಲ್ಲ ನಿಜ. ಎರಲ್ ಅವಳ ಬಾಯಿಯನ್ನೇ ನೋಡುತ್ತಿದ್ದ, ಮಾತುಗಳು ಬಂದು ತಾಗಿ ಬೀಳುತ್ತಿದ್ದವು. ಅವಳ ಭುಜದ ಹಿಂದೆ ಗಡಿಯಾರ ಹತ್ತೂ ಐವತ್ತಾರು ತೋರಿಸುತ್ತಿತ್ತು. ಕೊಲರೆನೆಬ್ರಿಯ ಆ ಸಣ್ಣ ಚರ್ಚು ಅವನಿಗೆ ಗೊತ್ತು, ಬಾಗಿಲ ಹತ್ತಿರ ಕೆಂಪು ಧೂಳು ಒಳಗೆ ಬಾರದಿರಲೆಂದು ಹಾಕಿದ ಗೋಣಿತಟ್ಟು ಗೊತ್ತು. ಈಗ ಕಾರುಗಳು ಬಂದು ನಿಲ್ಲುತ್ತಿರುತ್ತವೆ. ಗಂಡಸರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಾರೆ. ಶವದ ಪೆಟ್ಟಿಗೆ ಇಳಿಸುತ್ತಾರೆ. ಡಾರ್ಸಿ ಮಲಗಿದ್ದಾನೆ. ಪರವಾಗಿಲ್ಲ ಮಿಸ್, ಮಲಗಿದಾನೆ. ಅವನು ನಕ್ಕನಲ್ಲ, ಯಾಕೆ ನಕ್ಕ. ಮೂಲೆ ಸೆಲ್ಲಿನವನೂ ಆವತ್ತು, ಸರಿ ಬಿಡಿ ಅಂಕಲ್, ಹಲ್ಲು ನೋಡ್ಕೊಳಿ ಎಂದು ನಗುತ್ತಲೇ ಹೋಗಿದ್ದ. ಮೂರು ವಾರದಿಂದ ಹೆಣಭಾರ ಹೊತ್ತವನಂತೆ ನಡೆಯುತ್ತಿದ್ದವನು ಇವತ್ತು, ತಾಯಿಯನ್ನು ಮಣ್ಣು ಮಾಡುವ ದಿನ, ನನ್ನ ಭುಜ ತಟ್ಟಿ ನಕ್ಕನೆಂದರೆ ಅವನು ಏನನ್ನೋ ತೀರ್ಮಾನಿಸಿದ್ದಾನೆ. ಅವನಿಗೆ ನಾನು ಹೋಗುವುದು ಬೇಕಾಗಿತ್ತು. ನನಗೂ ಹೋಗುವುದು ಬೇಕಾಗಿತ್ತು. ಇಬ್ಬರೂ ಸೇರಿ ಒಂದು ಸುಳ್ಳನ್ನು ಎತ್ತಿ ಕೊಟ್ಟೆವು, ಮಿಸ್ ಕೋವಾಕ್ ಬರೆದುಕೊಂಡಳು.

"ಕೇಳಿಸ್ಕೊಳ್ತಿದೀಯಾ?" ಎಂದಳು ಶೌನಾ.

ಕೇಳಿಸಿಕೊಳ್ಳುತ್ತಿದ್ದೇನೆ ಎಂದ. ಅವಳು ಒಂದು ಗಳಿಗೆ ಅವನನ್ನೇ ನೋಡಿ, ಮೆತ್ತಗಾಗಿ, ಮಗುವನ್ನು ಕತ್ತಿನಿಂದ ಬಿಡಿಸಿಕೊಂಡು ಅವನ ಕಡೆ ಚಾಚಿದಳು. ಅವನ ಕೈಗಳು ಮುಂದೆ ಹೋದವು. ಮಗುವಿನ ಬಿಸಿ, ಹಾಲಿನ ಹುಳಿವಾಸನೆ, ಬೆರಳುಗಳಿಗೆ ಸಿಕ್ಕಿದ ಪುಟ್ಟ ಪಕ್ಕೆಲುಬುಗಳು. ಇದಕ್ಕಾಗಿ ತಾನೇ ಗುರುವಾರದಿಂದ ನಿದ್ದೆ ಬಾರದೆ ಹೊರಳಿದ್ದು. ಇನ್ನು ಹತ್ತು ನಿಮಿಷ. ಹತ್ತೇ ನಿಮಿಷ ಹಿಡಿದುಕೊಂಡು ಆಮೇಲೆ ಹೇಳುತ್ತೇನೆ. ಏನಾಗಿಬಿಡುತ್ತದೆ ಹತ್ತು ನಿಮಿಷದಲ್ಲಿ. ಹೇಳಿದರೆ ನಾನು ನಾಯಿ. ಜೈಲಿನಲ್ಲಿ ಅಧಿಕಾರಿಗಳ ಕಿವಿಗೆ ಮಾತು ಹಾಕುವವನಿಗೆ ಅದೊಂದೇ ಹೆಸರು. ಆ ಹೆಸರು ಒಮ್ಮೆ ಬಿತ್ತೆಂದರೆ ಪ್ರತಿನಿಧಿಯೂ ಇಲ್ಲ, ಅಂಕಲ್ಲೂ ಇಲ್ಲ. ಮಾತು ಕೊಟ್ಟವನು ನಾನು. ಮತ್ತೆ ಒಂದು ವೇಳೆ ಅವನು ನಿಜವಾಗಿಯೂ ಮಲಗಿದ್ದರೆ? ಸುಮ್ಮನೆ ಒಬ್ಬ ದುಃಖದಲ್ಲಿರುವವನನ್ನು ಎಬ್ಬಿಸಿ, ಬಟ್ಟೆ ಬಿಚ್ಚಿಸಿ, ಗಾಜಿನೊಳಗೆ ಕೂರಿಸಿದಂತಾಗುತ್ತದೆ, ಅದೂ ಈ ಹೊತ್ತಿನಲ್ಲಿ. ಮಗುವಿನ ತಲೆ ಅವನ ಎದೆಗೆ ಇನ್ನೂ ತಾಗಿರಲಿಲ್ಲ. ಗಡಿಯಾರದ ಮುಳ್ಳು ಹನ್ನೊಂದರ ಮೇಲೆ ಬಂತು.

ಎರಲ್ ಮಗುವನ್ನು ಹಿಂದಕ್ಕೆ ಅವಳ ತೊಡೆಯ ಮೇಲಿಟ್ಟು ಎದ್ದು ನಿಂತ.

ಮೇಜುಗಳ ಮಾತು ಒಂದೊಂದಾಗಿ ನಿಂತಿತು. ಗೋಡೆಗೆ ಒರಗಿದ್ದ ತರುಣ ಅಧಿಕಾರಿ ಕೈಯೆತ್ತಿ, ಕೂತ್ಕೋ ಇಲ್ಲಾ ಹೊರಡು ಎಂದ. ಎರಲ್ ತಗ್ಗಿದ ದನಿಯಲ್ಲಿ ಹೇಳಬೇಕೆಂದು ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟ. ಅಲ್ಲೇ ನಿಲ್ಲು ಎಂದು ಅವನು ಗದರಿದ. ಹೇಳೋದಿದ್ರೆ ಅಲ್ಲಿಂದಲೇ ಹೇಳು. ಹಾಗಾಗಿ ಹನ್ನೆರಡು ಮೇಜಿಗೂ, ಹನ್ನೆರಡು ಕೈದಿಗಳಿಗೂ, ಅವರ ಹೆಂಡಿರು ಮಕ್ಕಳಿಗೂ ಕೇಳುವಂತೆ ಹೇಳಬೇಕಾಯಿತು.

"ಮಿಸ್ ಕೋವಾಕ್‌ಗೆ ನಾನು ಸುಳ್ಳು ಹೇಳಿದೆ. ಹ್ಯಾಮಂಡ್ ಮಲಗಿಲ್ಲ. ಅವನು ಸಾಯ್ತೀನಿ ಅಂತ ನನ್ನ ಹತ್ರ ಹೇಳಿದಾನೆ. ಈಗಲೇ ಯಾರನ್ನಾದ್ರೂ ಓಡ್ಸಿ."

ತರುಣ ಅಧಿಕಾರಿ ಅವನ ಮುಖವನ್ನೂ ಮಗಳ ಮುಖವನ್ನೂ ನೋಡಿದ, ಎಲ್ಲೋ ಒಂದು ಉಪಾಯವಿರಬೇಕೆಂಬ ಅನುಮಾನದಿಂದ. ಈಗಲೇ ಎಂದು ಎರಲ್ ಇನ್ನೊಮ್ಮೆ ಹೇಳಿದ. ಆ ದನಿ ಅವನದೇ ಅನ್ನಿಸಲಿಲ್ಲ. ಅಧಿಕಾರಿಯ ಕೈ ಭುಜದ ರೇಡಿಯೋಗೆ ಹೋಯಿತು. ಯಾವುದೋ ಮೇಜಿನಿಂದ ಒಬ್ಬ, ಮೆಲ್ಲಗೆ, ಹಲ್ಲುಗಳ ನಡುವಿನಿಂದ, ನಾಯಿ ಎಂದ. ಎರಲ್ ತಿರುಗಿ ನೋಡಿದ್ದು ಶೌನಾಳ ಕಡೆ. ಅವಳ ಬಾಯಿ ಅರ್ಧ ತೆರೆದಿತ್ತು. ಮಗು ಎಚ್ಚರವಾಗಿ ಯಾವ ಕಡೆಗೋ ನೋಡುತ್ತಿತ್ತು. ಅವಳು ಮಗುವನ್ನು ಮತ್ತೆ ಕತ್ತಿನ ಮಡಿಕೆಗೆ ಎತ್ತಿಕೊಂಡಳು.

ಭೇಟಿ ಹೇಗೆ ಮುಗಿದರೂ ತಪಾಸಣೆ ತಪ್ಪುವುದಿಲ್ಲ. ಪಕ್ಕದ ಕಿರುಕೋಣೆಯಲ್ಲಿ ಬಿಳಿಯ ಉಡುಪು ಬಿಚ್ಚಿಸಿ, ಒಗೆದ ಅಂಗಿ ಬಿಚ್ಚಿಸಿ, ಉಳಿದದ್ದನ್ನೂ ಬಿಚ್ಚಿಸಿ, ಬಾಯಿ ತೆರೆ, ನಾಲಗೆ ಎತ್ತು, ತಿರುಗು ಎಂದರು. ತಿರುಗಿ ನಿಂತಿದ್ದಾಗ ಅಧಿಕಾರಿಯ ರೇಡಿಯೋದಲ್ಲಿ ಬ್ಲಾಕಿನ ಹೆಸರು, ಸೆಲ್ಲಿನ ನಂಬರು, ನರ್ಸ್, ನರ್ಸ್ ಎಂದು ಕೇಳಿಸಿತು. ಓಡುವ ಬೂಟುಗಳ ಸದ್ದು. ಕೋಣೆಯಲ್ಲಿದ್ದವನೂ ಬಾಗಿಲು ಎಳೆದುಕೊಂಡು ಓಡಿದ. ಎರಲ್ ಗೋಡೆಗೆ ಮುಖಮಾಡಿ ಹಾಗೆಯೇ ಬೆತ್ತಲೆ ನಿಂತ. ಬಟ್ಟೆ ಬೆಂಚಿನ ಮೇಲೆ ಎರಡು ಮಾರು ದೂರದಲ್ಲಿತ್ತು. ಹಾಕಿಕೋ ಎಂದು ಯಾರೂ ಹೇಳಿರಲಿಲ್ಲ. ಐವತ್ತಕ್ಕೆ ಒಂದೇ ವರ್ಷ ಕಡಿಮೆ ವಯಸ್ಸಿನ ಗಂಡಸು, ಬಟ್ಟೆ ತೆಗೆದುಕೊಳ್ಳುವುದಕ್ಕೂ ಅಪ್ಪಣೆ ಕಾಯುತ್ತ, ಹನ್ನೊಂದು ವರ್ಷದಲ್ಲಿ ಈ ಜಾಗ ನನ್ನನ್ನು ಏನು ಮಾಡಿಟ್ಟಿದೆ ಎಂದು ಗೋಡೆಯ ಬಣ್ಣದ ಬಿರುಕನ್ನು ನೋಡುತ್ತ ನಿಂತ. ಪ್ರಾರ್ಥನೆ ಅವನಿಗೆ ಬರುತ್ತಿರಲಿಲ್ಲ. ಕಾಫಿಯ ಬಾಟಲಿ ಕಣ್ಣಮುಂದೆ ಬಂತು, ಮೂರು ಸೆಕೆಂಡೋ ನಾಲ್ಕೋ. ಹಲ್ಲು ಕಿತ್ತ ಜಾಗವನ್ನು ನಾಲಗೆ ತಡಕುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅಧಿಕಾರಿ ಏದುಸಿರು ಬಿಡುತ್ತ ವಾಪಸು ಬಂದು, ಇವನನ್ನು ಕಂಡು, ಅಯ್ಯೋ ನೀನಿನ್ನೂ ಹೀಗೇ ನಿಂತಿದೀಯಾ ಎಂದ. ಆಮೇಲೆ, ನೆಲ ನೋಡುತ್ತ, ಉಸಿರಾಡ್ತಾ ಇದಾನೆ, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಆಗ್ತಿರ್ಲಿಲ್ಲ ಅಂದ್ರು ಎಂದ. ಎರಲ್ ಬೆಂಚಿನ ಮೇಲೆ ಕೂತುಬಿಟ್ಟ. ಚಡ್ಡಿ ಹಾಕಿಕೊಳ್ಳಲು ಮೂರು ಸಲ ಪ್ರಯತ್ನಿಸಬೇಕಾಯಿತು.

ಸುದ್ದಿ ಅವನಿಗಿಂತ ಮೊದಲು ಅಂಗಳ ತಲುಪಿತ್ತು. ಎಂದಿನ ಮೇಜಿನಲ್ಲಿ ಅವನು ಕೂತಾಗ ಅಲ್ಲಿದ್ದ ಇಬ್ಬರು ತಮ್ಮ ಲೋಟ ಎತ್ತಿಕೊಂಡು ಬೇರೆ ಕಡೆಗೆ ಹೋದರು. ಸಿಟ್ಟಿನಿಂದಲ್ಲ, ಬಿಸಿಲಿನಿಂದ ನೆರಳಿಗೆ ಸರಿಯುವವರ ಹಾಗೆ. ಒಬ್ಬ ಮಾತ್ರ, ಬೋರ್ಕ್ ಊರಿನ ಮುದುಕ ನಗೆಟ್, ದೂರದಿಂದಲೇ ತಲೆಯಾಡಿಸಿದ. ಎರಲ್ ಫೋನಿನ ಸಾಲಿನಲ್ಲಿ ನಿಂತ. ಅವನ ಸರದಿ ಬರುವ ಹೊತ್ತಿಗೆ ಒಂದು ಗಂಟೆ. ಆರು ನಿಮಿಷಕ್ಕೆ ಕರೆ ತಾನಾಗಿಯೇ ಕಡಿಯುತ್ತದೆ. ಶೌನಾ ಎತ್ತುವುದಿಲ್ಲ ಅಂದುಕೊಂಡಿದ್ದ, ಎತ್ತಿದಳು. ಹಿಂದೆ ಲಾರಿಗಳ ಸದ್ದು, ಯಾವುದೋ ಪೆಟ್ರೋಲ್ ಬಂಕಿನಲ್ಲಿದ್ದಳು.

"ಬದುಕಿದನಾ?" ಎಂದಳು, ಹಲೋ ಅನ್ನದೆ.

"ಬದುಕಿದ."

ಮಗು ಏನೋ ಗೊಣಗುತ್ತಿತ್ತು. ಅವಳು ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡದ್ದು ಕೇಳಿಸಿತು.

"ನನಗೆ ಸಿಟ್ಟು ಹೋಗಿಲ್ಲ," ಎಂದಳು. "ಅವನು ಬದುಕಿದ್ದು ಒಳ್ಳೇದಾಯ್ತು. ಆದ್ರೆ ನನಗೆ ಸಿಟ್ಟು ಹೋಗಿಲ್ಲ. ಎರಡೂ ಹೇಳ್ಬೇಕು ಅನ್ನಿಸ್ತು."

ಸಿಟ್ಟು ಇರಲಿ, ಇಟ್ಟುಕೋ ಎಂದ ಅವನು. ಉಳಿದ ನಾಲ್ಕು ನಿಮಿಷ ಅವನು ಲಾರಿಗಳ ಸದ್ದು, ಮಗುವಿನ ಗೊಣಗು ಕೇಳುತ್ತ ನಿಂತ, ಅವಳು ಫೋನ್ ಇಡಲಿಲ್ಲ. ಕರೆ ತಾನಾಗಿಯೇ ಕಡಿಯಿತು.

ಎರಡು ಗಂಟೆಗೆ ಮಿಸ್ ಕೋವಾಕ್ ಬಂದಳು. ಬೆಳಗಿನ ಹಾಳೆಯ ವಿಷಯ ಅವಳು ಎತ್ತಲಿಲ್ಲ, ಅವನು ಎತ್ತಬೇಕೆಂದು ಬಾಯಿ ತೆರೆದಾಗ ಅವಳು ಕೈ ಅಡ್ಡ ಹಿಡಿದಳು. ಅದನ್ನ ಸೋಮವಾರ ಬರೆಯೋಣ, ನೀನು ನಿನ್ನದು ಬರಿ, ನಾನು ನನ್ನದು ಬರೀತೀನಿ, ಹೋಗಿ ಕಣ್ಣಾರೆ ನೋಡದೆ ಬರಕೊಂಡವಳು ನಾನು ಎಂದಳು. ಡಾಕ್ಟರು ನೋಡಿ ಹೋಗಿದ್ದರು. ಮನಸ್ಸಿನ ಡಾಕ್ಟರು ಬರುವುದು ಸೋಮವಾರ. ಹ್ಯಾಮಂಡ್ ಯಾರ ಜೊತೆಯೂ ಮಾತಾಡುತ್ತಿಲ್ಲ, ನೀರೂ ಮುಟ್ಟಿಲ್ಲ. ಗಾಜಿನ ಕೋಣೆಯಲ್ಲಿರುವ ನಿಮ್ಮ ಕಡೆಯವರ ಹತ್ತಿರ ಬೇಕಾದವರೊಬ್ಬರು ಕೂರಬಹುದು ಎಂದು ನಿಯಮವಿದೆ. ಅವನಿಗೆ ನೀನು ಬೇಕಾದವನೋ ಅಲ್ಲವೋ ನನಗೆ ತಿಳಿಯದು, ಬರುತ್ತೀಯಾ ಎಂದು ಕೇಳಿದಳು. ಎರಲ್‌ಗೆ ಹೋಗುವ ಮನಸ್ಸಿರಲಿಲ್ಲ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಆ ಮುಖವನ್ನು ನೋಡಲು. ಹೋದ.

ಕಾರಿಡಾರಿನ ಕಡೆ ಇಡೀ ಗೋಡೆಯೇ ಗಾಜು. ಒಳಗೆ ನೆಲಕ್ಕಂಟಿದ ಹಾಸಿಗೆ, ಎಂದೂ ಆರದ ದೀಪ. ಡಾರ್ಸಿ ಬೆನ್ನು ತಿರುಗಿಸಿ ಕೂತಿದ್ದ, ಹರಿಯಲಾಗದ ದಪ್ಪ ಬಟ್ಟೆಯ ಆ ಹಸಿರು ನಿಲುವಂಗಿ ಅವನ ದೊಡ್ಡ ಹೆಗಲುಗಳಿಗೆ ಸಾಲದೆ ಬೆನ್ನಲ್ಲಿ ತೆರೆದುಕೊಂಡಿತ್ತು. ತಟ್ಟೆಯಲ್ಲಿ ಸ್ಯಾಂಡ್‌ವಿಚ್ ಒಣಗಿತ್ತು. ಮಿಸ್ ಕೋವಾಕ್ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟು, ಊಟ ಕೊಡುವ ಕಿಂಡಿಯನ್ನು ತೆರೆದಿಟ್ಟು, ಕಾರಿಡಾರಿನ ಕೊನೆಗೆ ಹೋಗಿ ನಿಂತಳು. ಎರಲ್ ಕೂತ. ಕುರ್ಚಿ ಕಿರುಗುಟ್ಟಿತು. ಯಾರೆಂದು ಡಾರ್ಸಿಗೆ ತಿರುಗದೆಯೇ ತಿಳಿಯಿತು.

"ನಾಯಿ," ಎಂದ.

"ಹೌದು," ಎಂದ ಎರಲ್.

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಮುರಿದೆ."

ಮೇಲಿನ ದೀಪ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ನಾನು ಏನನ್ನು ಬಿಟ್ಟು ಎದ್ದು ಬಂದೆ ಗೊತ್ತಾ ನಿನಗೆ ಎಂಬ ಮಾತು ಎರಲ್‌ನ ನಾಲಗೆಯ ತುದಿಗೆ ಬಂತು. ಐದು ತಿಂಗಳ ಮಗು, ಎದೆಗೊಮ್ಮೆ ಆನಿಸಿಕೊಳ್ಳಲೂ ಇಲ್ಲ. ಹೇಳಿದರೆ ಇವನು ತಿರುಗುತ್ತಾನೆ, ಬಹುಶಃ ಅಳುತ್ತಾನೆ, ನನಗೂ ಹಗುರಾಗುತ್ತದೆ. ಆದರೆ ಅದು ಈ ತೆರೆದ ಬೆನ್ನಿನ ಮೇಲೆ ಇನ್ನೊಂದು ಮೂಟೆ ಹೊರಿಸಿದಂತೆ. ತಾಯಿಯನ್ನು ಕೊಂದೆ ಎನ್ನುತ್ತಿರುವವನಿಗೆ ಈಗ ನಿನ್ನಿಂದ ನನ್ನ ಮಗಳೂ ಹೋದಳು ಎಂದು ಸೇರಿಸಿದಂತೆ. ಅವನು ಅದನ್ನು ನುಂಗಿಕೊಂಡ. ನುಂಗಿಕೊಂಡದ್ದು ದೊಡ್ಡತನ ಎಂದು ಅವನಿಗೆ ಅನ್ನಿಸಲಿಲ್ಲ. ಬೇರೇನೂ ತೋಚದೆ, ಅಮ್ಮನಿಗೆ ಯಾರ್ಯಾರು ಹೆಗಲು ಕೊಟ್ಟಿರ್ತಾರೆ ಎಂದು ಕೇಳಿದ.

ಕಾರಿಡಾರಿನ ಕೊನೆಯಲ್ಲಿ ಮಿಸ್ ಕೋವಾಕ್ ನೋಯುವ ಕಾಲನ್ನು ಬದಲಿಸಿ ನಿಂತಳು. ಕಾಲು ಗಂಟೆಯೋ ಅದಕ್ಕೂ ಹೆಚ್ಚೋ ಕಳೆದ ಮೇಲೆ ಹಸಿರು ಬಟ್ಟೆಯೊಳಗಿಂದ ದನಿ ಬಂತು.

"ಐದು ಜನ. ಆರನೇದು ನಾನು."

ಎರಲ್ ಕಿಂಡಿಯ ಕಡೆ ಬಾಗಿದ.

"ನನ್ನ ಜಾಗಕ್ಕೆ ವಿನ್ಸ್‌ನ ನಿಲ್ಲಿಸಿರ್ತಾರೆ," ಎಂದ ಡಾರ್ಸಿ. "ನನ್ನ ಭುಜದಷ್ಟು ಬರ್ತಾನೆ ಅವನು. ಪೆಟ್ಟಿಗೆ ಪೂರ್ತಿ ಒಂದು ಕಡೆ ವಾಲಿರುತ್ತೆ."

"ನಿಮ್ಮಮ್ಮ ಏನಂದಿರ್ತಾರೆ?"

"ಬೈದಿರ್ತಾಳೆ. ಸರಿಯಾಗಿ ಹಿಡ್ಕೊಳ್ರೋ, ನಾನೇನು ಉರುಳಿ ಬೀಳ್ಲಾ ಅಂತ." ಅವನ ಬೆನ್ನು ಅಲುಗಿತು. ನಗುವೋ ಬೇರೆಯೋ, ಹಿಂದಿನಿಂದ ಹೇಳುವುದು ಕಷ್ಟ. ಆಮೇಲೆ ಅದು ನಗುವಲ್ಲ ಎಂದು ಸ್ಪಷ್ಟವಾಯಿತು, ಬಹಳ ಹೊತ್ತಿನವರೆಗೂ ಬೆನ್ನು ಅಲುಗುತ್ತಲೇ ಇತ್ತು. ಎರಲ್ ಗಾಜಿನ ಈಚೆ ಕೂತೇ ಇದ್ದ. ಮುಟ್ಟುವ ಹಾಗಿರಲಿಲ್ಲ. ಮುಟ್ಟುವ ಹಾಗಿದ್ದರೂ ಮುಟ್ಟುತ್ತಿದ್ದನೋ ಇಲ್ಲವೋ.

ಅದು ಇಳಿದ ಮೇಲೆ ಡಾರ್ಸಿ ಪಕ್ಕಕ್ಕೆ ತಿರುಗಿ, ಗೋಡೆಗೆ ಒರಗಿ, ಅರ್ಧ ಮುಖ ಕಾಣುವಂತೆ ಕೂತ. ಯಾರಿಗೆ ಹೇಳುತ್ತಿದ್ದೇನೆಂದು ಲೆಕ್ಕಿಸದವನಂತೆ ಮಾತಾಡತೊಡಗಿದ. ಅವರ ಊರಿನ ಸ್ಮಶಾನದಲ್ಲಿ ಗೋರಿಯ ಮೇಲೆ ಗಾಜು ಹಾಸುತ್ತಾರೆ. ಬಾಟಲಿಗಳನ್ನು, ಅದರಲ್ಲೂ ನೀಲಿಯವನ್ನು, ಕೆಂಡದಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ ಒಳಗೊಳಗೇ ನೂರು ಬಿರುಕು ಬಿಡುತ್ತದೆ, ಆಮೇಲೆ ಒಡೆದು ಹರಡಿದರೆ ಬಿಸಿಲಿಗೆ ಹೊಳೆಯುತ್ತದೆ. ಊರಿಗೆಲ್ಲ ಅದನ್ನು ಮಾಡಿಕೊಡುತ್ತಿದ್ದದ್ದು ಅವನ ಅಮ್ಮ. ಬೇರೆಯವರು ಅವಸರ ಮಾಡುತ್ತಾರೆ, ಗಾಜು ಸಿಡಿಯುತ್ತದೆ. ಎಷ್ಟು ಕಾಯಬೇಕೆಂದು ಅವಳಿಗೆ ಗೊತ್ತಿತ್ತು. ಅವನಿಗೂ ಹೇಳಿಕೊಟ್ಟಿದ್ದಳು, ಅಕ್ಕತಂಗಿಯರಿಗೆ ಬರುವುದಿಲ್ಲ.

"ಇವತ್ತೇ ಹಾಸಬೇಕಾ?" ಎಂದು ಎರಲ್ ಕೇಳಿದ.

"ಇವತ್ತಾ? ಇಲ್ಲ. ಮಣ್ಣು ಕೂತ್ಕೋಬೇಕು ಮೊದ್ಲು." ಡಾರ್ಸಿ ತನ್ನ ಅಂಗೈಗಳನ್ನು ನೋಡಿಕೊಂಡ. "ಒಂದು ವರ್ಷ ಆದ್ರೂ ಆಗುತ್ತೆ. ಮಳೆ ಬಿದ್ದು, ಒಣಗಿ, ಕೂತ್ಕೋಬೇಕು."

ಅವನ ಮೇಲಿದ್ದ ಆರೋಪಕ್ಕೆ ಹೆಚ್ಚೆಂದರೆ ಹತ್ತು ತಿಂಗಳು ಎಂದು ವಕೀಲ ಹೇಳಿದ್ದ. ಇಬ್ಬರಿಗೂ ಅದು ಗೊತ್ತಿತ್ತು. ನೀಲಿ ಗಾಜು ಎಲ್ಲಿ ಸಿಗುತ್ತೆ ಈಗ ಎಂದು ಎರಲ್ ಕೇಳಿದ. ಸಿಗುವುದು ಕಷ್ಟ, ಹಳೆ ಔಷಧಿ ಬಾಟಲಿಗಳಲ್ಲಿ ಮಾತ್ರ, ಅಮ್ಮ ಒಂದು ಪೆಟ್ಟಿಗೆ ತುಂಬ ಕೂಡಿಸಿಟ್ಟಿದ್ದಾಳೆ, ಹಿತ್ತಲ ಶೆಡ್ಡಿನಲ್ಲಿ, ಅದನ್ನು ಯಾರಾದರೂ ಕಸಕ್ಕೆ ಹಾಕಿಬಿಟ್ಟಾರು ಎಂದ ಡಾರ್ಸಿ. ಆ ಮಾತಿಗೆ ಅವನ ದನಿಯಲ್ಲಿ ಆವತ್ತು ಮೊದಲ ಬಾರಿಗೆ ಒಂದು ಕಿರಿಕಿರಿ, ಒಂದು ಕಾಳಜಿ ಕೇಳಿಸಿತು. ತಂಗಿಗೆ ಹೇಳಿಕಳಿಸೋಣವಾ ಎಂದರೆ, ಹೇಳಿಕಳಿಸಿ, ಮುಟ್ಟಬೇಡಿ ಅಂತ ಹೇಳಿ ಎಂದ. ಆಮೇಲೆ ಸ್ಯಾಂಡ್‌ವಿಚ್ಚಿನ ಒಣಗಿದ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಹ್ಯಾಮ್ ಮಾತ್ರ ಎಳೆದು ಬಾಯಿಗೆ ಹಾಕಿಕೊಂಡ.

ಮೂರು ಗಂಟೆಗೆ ಎಲ್ಲ ಸೆಲ್ಲುಗಳ ಬಾಗಿಲು ಹಾಕುವ ಗಂಟೆ ಬಾರಿಸಿತು. ಮಿಸ್ ಕೋವಾಕ್ ಕುಂಟುತ್ತ ಬಂದು, ಹೊತ್ತಾಯ್ತು ಎರಲ್, ನಡಿ ಎಂದಳು. ಎರಲ್ ಏಳಲು ಮಂಡಿಯ ಮೇಲೆ ಕೈಯೂರಿದ. ಡಾರ್ಸಿ ಅವನ ಕಡೆ ನೋಡಲಿಲ್ಲ. ಹಸಿರು ಬಟ್ಟೆಯ ಅಂಚನ್ನು ಮಂಡಿಯ ಕೆಳಗೆ ಎಳೆದುಕೊಳ್ಳುತ್ತ, ನೆಲದ ಕಡೆಗೇ, ಸಣ್ಣ ದನಿಯಲ್ಲಿ ಹೇಳಿದ:

"ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ ಮಿಸ್."

ಅವಳು ಗಡಿಯಾರ ನೋಡಿಕೊಂಡಳು. ಕಾರಿಡಾರಿನ ಆ ಕಡೆ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು, ಕೈದಿಗಳನ್ನು ಎಣಿಸುವವರು ಹೆಸರು ಕೂಗುತ್ತಿದ್ದರು, ಕಬಿ ಎಲ್ಲಿ, ಕಬಿ ಎಂದು ಯಾರೋ ಕೂಗಿದರು. ಮಿಸ್ ಕೋವಾಕ್ ರೇಡಿಯೋ ಬಾಯಿಯ ಹತ್ತಿರ ಹಿಡಿದು, ಇಲ್ಲೇ ಇದಾನೆ, ನನ್ನ ಹತ್ತಿರ, ಎಣಿಸಿಕೊಳ್ಳಿ ಎಂದಳು. ಎರಲ್ ಊರಿದ ಕೈಯನ್ನು ತೆಗೆದು, ಕುರ್ಚಿಯನ್ನು ಗಾಜಿಗೆ ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡ.